ಬಲಿಪೀಠದ ಮೇಲೆ ನಿಂತ ಕುರಿಮರಿ



ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಸಂತ ಬಾವೋ ಹೆಸರಿನ ಕ್ಯಾಥೆಡ್ರಲ್ ಇದೆ. ಅಲ್ಲಿ ಓಕ್ ಮರದ ಹಲಗೆಗಳ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ದೊಡ್ಡದೊಂದು ಪೂಜಾಚಿತ್ರವನ್ನು ಇರಿಸಿದ್ದಾರೆ. ಬಾಗಿಲಿನ ರೆಕ್ಕೆಗಳಂತೆ ಅದನ್ನು ತೆರೆಯಬಹುದು, ಮುಚ್ಚಬಹುದು. ಹ್ಯೂಬರ್ಟ್ ವಾನ್ ಐಕ್ ಆರಂಭಿಸಿದ ಈ ಕೆಲಸವನ್ನು ಅವನ ಮರಣದ ನಂತರ ತಮ್ಮ ಯಾನ್ ವಾನ್ ಐಕ್ 1432ರಲ್ಲಿ ಮುಗಿಸಿದ. ಇವತ್ತು ನಾನು ಮಾತನಾಡುವುದು ಆ ಚಿತ್ರದ ನಟ್ಟನಡುವೆ ಇರುವ ಒಂದು ಕುರಿಮರಿಯ ಬಗ್ಗೆ.

ಹಸಿರು ಹುಲ್ಲುಗಾವಲು. ಅದರ ಮಧ್ಯೆ ಬಲಿಪೀಠ. ಪೀಠದ ಮೇಲೆ ಬಿಳಿ ಕುರಿಮರಿ ನಾಲ್ಕೂ ಕಾಲೂರಿ ನೆಟ್ಟಗೆ ನಿಂತಿದೆ. ಅದರ ಎದೆಯಿಂದ ರಕ್ತದ ಸಣ್ಣ ಧಾರೆಯೊಂದು ಬಾಗಿ ಚಿಮ್ಮಿ ಚಿನ್ನದ ಪಾನಪಾತ್ರೆಗೆ ಬೀಳುತ್ತಿದೆ. ಮರಿಯ ಮುಖದಲ್ಲಿ ನೋವಿನ ಸುಳಿವಿಲ್ಲ. ಸುತ್ತಲೂ ದೇವದೂತರು; ಕೆಲವರ ಕೈಯಲ್ಲಿ ಶಿಲುಬೆ, ಮುಳ್ಳಿನ ಕಿರೀಟ, ಈಟಿ. 16ನೆಯ ಶತಮಾನದಲ್ಲಿ ಯಾರೋ ಈ ಮರಿಯ ಮುಖದ ಮೇಲೆ ಬಣ್ಣ ಹಚ್ಚಿ ಅದನ್ನು ಸಾಮಾನ್ಯ ಕುರಿಯ ಮುಖದಂತೆ ಮಾಡಿದ್ದರು. ಕೆಲವು ವರ್ಷಗಳ ಹಿಂದೆ ಸಂರಕ್ಷಣಾ ತಜ್ಞರು ಆ ಪದರವನ್ನು ಬಹು ಜಾಗರೂಕತೆಯಿಂದ ತೆಗೆದಾಗ ಮೂಲ ಮುಖ ಹೊರಬಂತು. ಕಣ್ಣುಗಳು ಪಕ್ಕಕ್ಕಿಲ್ಲ, ಮನುಷ್ಯರಿಗಿರುವಂತೆ ಮುಂದಕ್ಕೆ ನಾಟಿವೆ. ಎದುರಿಗೆ ನಿಂತವರನ್ನೇ ನೋಡುತ್ತವೆ. ಹಲವರು ಬೆಚ್ಚಿಬಿದ್ದರು. ನನಗಂತೂ ಚಿತ್ರಕಾರ ಹೇಳಬೇಕೆಂದದ್ದು ಆ ಕಣ್ಣುಗಳಲ್ಲೇ ಇದೆ ಅನಿಸುತ್ತದೆ. ಇದು ಪ್ರಾಣಿಯ ಚಿತ್ರವಲ್ಲ, ಕ್ರಿಸ್ತನ ಚಿತ್ರ.

ಕ್ರಿಸ್ತನನ್ನು ಕುರಿಮರಿಯಾಗಿ ಏಕೆ ಬರೆಯಬೇಕು? ಉತ್ತರಕ್ಕೆ ಯೆಹೂದ್ಯರ ಧರ್ಮಗ್ರಂಥಕ್ಕೇ ಹೋಗಬೇಕು. ಬೈಬಲಿನ ವಿಮೋಚನಕಾಂಡದ 12ನೆಯ ಅಧ್ಯಾಯ. ಇಸ್ರಾಯೇಲ್ಯರು ಐಗುಪ್ತದಲ್ಲಿ ಗುಲಾಮರು. ಬಿಡುಗಡೆಗೆ ಮುನ್ನ ಅವರಿಗೆ ಒಂದು ಅಪ್ಪಣೆ ಬರುತ್ತದೆ. ಮನೆಗೊಂದರಂತೆ, ಒಂದು ವರ್ಷದ, ಯಾವ ಊನವೂ ಇಲ್ಲದ ಗಂಡುಮರಿಯನ್ನು ತಿಂಗಳ 10ನೆಯ ದಿನ ಆರಿಸಿಡಬೇಕು. 14ನೆಯ ದಿನ ಸಂಜೆ ಕೊಯ್ಯಬೇಕು. ಹಿಸ್ಸೋಪ್ ಗಿಡದ ಕಟ್ಟನ್ನು ರಕ್ತದಲ್ಲಿ ಅದ್ದಿ ಬಾಗಿಲಿನ ಎರಡು ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಬೇಕು. ಮಾಂಸವನ್ನು ಬೆಂಕಿಯಲ್ಲಿ ಸುಟ್ಟು, ಹುಳಿಯಿಲ್ಲದ ರೊಟ್ಟಿ ಮತ್ತು ಕಹಿಸೊಪ್ಪಿನ ಜೊತೆ ತಿನ್ನಬೇಕು. ಅದೂ ಹೇಗೆ? ನಡುಕಟ್ಟಿಕೊಂಡು, ಕಾಲಿಗೆ ಕೆರ ಮೆಟ್ಟಿ, ಕೈಯಲ್ಲಿ ಕೋಲು ಹಿಡಿದು, ಹೊರಡುವ ಅವಸರದಲ್ಲಿ. ಮರಿಯ ಒಂದು ಎಲುಬನ್ನೂ ಮುರಿಯಬಾರದು. ರಕ್ತದ ಗುರುತಿರುವ ಮನೆಗಳನ್ನು ಸಾವು ದಾಟಿಹೋಗುತ್ತದೆ. ಇದೇ ಪಾಸ್ಕ ಹಬ್ಬ.

ಈ ಸಣ್ಣ ಸಣ್ಣ ವಿವರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಹಾನನ ಸುವಾರ್ತೆ ಓದಿ. ಉಳಿದ ಮೂರು ಸುವಾರ್ತೆಗಳಲ್ಲಿ ಯೇಸುವಿನ ಕೊನೆಯ ಊಟವೇ ಪಾಸ್ಕದ ಊಟ. ಯೋಹಾನನಲ್ಲಿ ಹಾಗಲ್ಲ, ಪಾಸ್ಕದ ಸಿದ್ಧತೆಯ ದಿನ, ಅಂದರೆ ದೇವಾಲಯದಲ್ಲಿ ಮರಿಗಳನ್ನು ಕೊಯ್ಯುವ ದಿನವೇ ಯೇಸು ಶಿಲುಬೆಯ ಮೇಲಿದ್ದಾನೆ. ಬಾಯಾರಿದವನಿಗೆ ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ಹಿಸ್ಸೋಪಿನ ಕಡ್ಡಿಗೆ ಸಿಕ್ಕಿಸಿ ಕೊಡುತ್ತಾರೆ. ಸೈನಿಕರು ಪಕ್ಕದ ಇಬ್ಬರ ಕಾಲು ಮುರಿಯುತ್ತಾರೆ, ಇವನ ಕಾಲು ಮುರಿಯುವುದಿಲ್ಲ. ಪಾಸ್ಕವನ್ನು ಆಚರಿಸಿ ಬಲ್ಲವರಿಗೆ ಇಲ್ಲಿ ಬೇರೆ ವಿವರಣೆ ಬೇಕಿರಲಿಲ್ಲ. ಯೇಸು ಯೆಹೂದ್ಯ, ಅವನ ಮೊದಲ ಶಿಷ್ಯರೂ ಯೆಹೂದ್ಯರು. ತಮ್ಮ ದುಃಖವನ್ನು ಅವರು ತಮ್ಮ ಹಬ್ಬದ ಭಾಷೆಯಲ್ಲೇ ಹೇಳಿಕೊಂಡರು.

ಈ ಕುರಿಮರಿಗೆ ಇನ್ನೂ ಹಿಂದಿನ ವಂಶಾವಳಿಯಿದೆ. ಆದಿಕಾಂಡದಲ್ಲಿ ಹೇಬೆಲನು ತನ್ನ ಮಂದೆಯ ಚೊಚ್ಚಲನ್ನು ಅರ್ಪಿಸುತ್ತಾನೆ, ಆಮೇಲೆ ಅಣ್ಣನ ಕೈಯಲ್ಲಿ ಸಾಯುತ್ತಾನೆ. ಗೆಂಟ್‌ನ ಚಿತ್ರದಲ್ಲೇ, ಆದಾಮ ಮತ್ತು ಹವ್ವರ ತಲೆಯ ಮೇಲೆ, ಕಲ್ಲಿನ ಕೆತ್ತನೆಯಂತೆ ಕಾಣುವ ಬಣ್ಣದಲ್ಲಿ ಆ ಎರಡೂ ಪ್ರಸಂಗಗಳಿವೆ. ಇಟಲಿಯ ರವೆನ್ನಾದಲ್ಲಿ 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಚರ್ಚಿನ ಮೊಸಾಯಿಕ್‌ನಲ್ಲಿ ಹೇಬೆಲನು ಮರಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದಾನೆ. ಎದುರು ಗೋಡೆಯಲ್ಲಿ ಅಬ್ರಹಾಮ ಮಗ ಇಸಾಕನನ್ನು ಬಲಿಕೊಡಲು ಕತ್ತಿ ಎತ್ತಿದ್ದಾನೆ. ಮೇಲೆ ಚಾವಣಿಯ ನಡುವೆ, ಹೂವಿನ ಚಕ್ರದೊಳಗೆ, ಕುರಿಮರಿ.

ಹಾಗೆಂದು ಕ್ರೈಸ್ತ ಕಲೆ ಹಳೆಯ ಗುರುತನ್ನು ಇದ್ದ ಹಾಗೇ ಎತ್ತಿಕೊಳ್ಳಲಿಲ್ಲ. ವಿಮೋಚನಕಾಂಡದ ರಾತ್ರಿಯಲ್ಲಿ ರಕ್ತ ಇರುವುದು ಬಾಗಿಲಿಗೆ. ರಕ್ತವನ್ನು ಸೇವಿಸುವುದು ಯೆಹೂದ್ಯರಿಗೆ ಕಟ್ಟುನಿಟ್ಟಾಗಿ ನಿಷಿದ್ಧ. ಯಾಜಕಕಾಂಡ ಅದನ್ನು ಖಂಡತುಂಡವಾಗಿ ಹೇಳುತ್ತದೆ. ವಾನ್ ಐಕ್‌ನ ಚಿತ್ರದಲ್ಲಿ ರಕ್ತ ಬೀಳುವುದು ಕುಡಿಯುವ ಪಾತ್ರೆಗೆ, ಪಾದ್ರಿ ಪೂಜೆಯಲ್ಲಿ ಎತ್ತಿ ಹಿಡಿಯುವಂಥದೇ ಪಾತ್ರೆಗೆ. ಎರಡು ಧರ್ಮಗಳು ಬೇರೆಯಾದ ಜಾಗವನ್ನು ಆ ತೆಳು ಕೆಂಪು ಗೆರೆಯಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಈ ಚಿಹ್ನೆ ಎಲ್ಲ ಕ್ರೈಸ್ತರಿಗೂ ಒಪ್ಪಿಗೆಯಾಗಿತ್ತೆಂದೂ ಅಲ್ಲ. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆ, ಕ್ರಿಸ್ತನನ್ನು ಮರಿಯಾಗಿ ಬರೆಯುವುದು ಸಾಕು, ಇನ್ನು ಮನುಷ್ಯ ರೂಪದಲ್ಲೇ ಬರೆಯಿರಿ ಎಂದು ವಿಧಿಸಿತು. ರೋಮಿನ ಪೋಪ್ ಮೊದಲನೆಯ ಸೆರ್ಗಿಯುಸ್ ಆ ಸಭೆಯ ನಿಯಮಗಳಿಗೆ ಸಹಿ ಹಾಕಲಿಲ್ಲ. ಪೂಜೆಯಲ್ಲಿ ರೊಟ್ಟಿ ಮುರಿಯುವಾಗ ದೇವರ ಕುರಿಮರಿಯನ್ನು ಕರೆದು ಹಾಡುವ ಪದ್ಧತಿಯನ್ನು ರೂಢಿಗೆ ತಂದವನೂ ಅವನೇ ಎಂದು ಪೋಪರ ಹಳೆಯ ಚರಿತ್ರೆ ಹೇಳುತ್ತದೆ. ಕನ್ನಡದಲ್ಲಿ ಪೂಜೆ ನಡೆಯುವ ನಮ್ಮ ಕಥೋಲಿಕ ಚರ್ಚುಗಳಲ್ಲಿ ಇವತ್ತಿಗೂ ಆ ಹೊತ್ತಿಗೆ ಬರುವ ಪ್ರಾರ್ಥನೆ ಅದೇ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ಸ್ಪೇನಿನ ಚಿತ್ರಕಾರ ಜುರ್ಬರಾನ್ 17ನೆಯ ಶತಮಾನದಲ್ಲಿ ಬರೆದ ಒಂದು ಕುರಿಮರಿ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಕಪ್ಪು ಹಿನ್ನೆಲೆ, ಬೂದು ಕಟ್ಟೆ, ನಾಲ್ಕೂ ಕಾಲು ಕಟ್ಟಿ ಮಲಗಿಸಿದ ಮರಿ. ಪ್ರಭಾವಳಿಯಿಲ್ಲ, ಶಿಲುಬೆಯಿಲ್ಲ, ಉಣ್ಣೆಯ ಒಂದೊಂದು ಸುರುಳಿಯೂ ಮುಟ್ಟುವಂತಿದೆ. ಅಷ್ಟು ಕರುಣೆಯಿಂದ ಬರೆದ ಚಿತ್ರ. ಆದರೆ ಪಾಸ್ಕದ ಊಟಕ್ಕೆ ಕೂರುವ ಯೆಹೂದ್ಯ ಕುಟುಂಬಗಳನ್ನು ಆ ನಾಡಿನಿಂದ 1492ರಲ್ಲೇ ಹೊರಗಟ್ಟಲಾಗಿತ್ತು. ಯುರೋಪಿನಲ್ಲಿ ಅದಕ್ಕಿಂತ ಘೋರವಾದುದೂ ನಡೆದಿದೆ. ಯೆಹೂದ್ಯರು ಕ್ರೈಸ್ತ ಮಕ್ಕಳನ್ನು ಕೊಂದು ರಕ್ತವನ್ನು ಪಾಸ್ಕಕ್ಕೆ ಬಳಸುತ್ತಾರೆಂಬ ಹಸಿ ಸುಳ್ಳನ್ನು, ರಕ್ತವನ್ನೇ ಮುಟ್ಟದ ಜನರ ಮೇಲೆ ಶತಮಾನಗಳ ಕಾಲ ಹೊರಿಸಿದರು. 1475ರಲ್ಲಿ ಇಟಲಿಯ ಟ್ರೆಂಟ್‌ನಲ್ಲಿ ಸಿಮೋನ್ ಎಂಬ ಮಗು ಸತ್ತಾಗ ಅಲ್ಲಿನ ಯೆಹೂದ್ಯರನ್ನು ಹಿಂಸಿಸಿ ಹೇಳಿಕೆ ಪಡೆದು ಕೊಂದರು. ಆ ಮಗುವನ್ನು ಸಂತನೆಂದು ಪೂಜಿಸಿ ಚರ್ಚಿನ ಗೋಡೆಗಳ ಮೇಲೂ ಬರೆದರು. ಅದೂ ಭಕ್ತಿಯ ಚಿತ್ರವೇ. ಕುರಿಮರಿಯ ಚಿತ್ರದ ಬೆಲೆ ಕಟ್ಟುವಾಗ ಇದನ್ನು ಮರೆಯುವ ಹಕ್ಕು ನಮಗಿಲ್ಲ.

ಸಿಮೋನನ ಆ ಪೂಜೆಯನ್ನು ಕಥೋಲಿಕ ಧರ್ಮಸಭೆ ರದ್ದು ಮಾಡಿದ್ದು 1965ರಲ್ಲಿ. ಅದೇ ವರ್ಷ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆ ಹೊರಬಂತು: ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ, ಧರ್ಮಸಭೆಯ ಬೇರು ಇರುವುದು ಅವರ ಪಿತೃಗಳಲ್ಲಿ, ಮೋಶೆಯಲ್ಲಿ, ಪ್ರವಾದಿಗಳಲ್ಲಿ. ಗೆಂಟ್‌ನ ಚಿತ್ರದಲ್ಲಿ ಆ ಪ್ರವಾದಿಗಳು ಎಡಗಡೆಯ ಮುಂಸಾಲಿನಲ್ಲಿ, ಕೈಯಲ್ಲಿ ತೆರೆದ ಪುಸ್ತಕ ಹಿಡಿದು ಮೊಣಕಾಲೂರಿದ್ದಾರೆ. ಅವರೆದುರು, ಬಲಗಡೆ, ಯೇಸುವಿನ ಶಿಷ್ಯರು.