ಹೇಳಿಕೊಳ್ಳಲಾಗದ ನೋವು
(ವಿಲೆ ಪಾರ್ಲೆಯ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಕೇಳಿ ಕೆಲವರಿಗೆ ನಗು ಬಂದೀತು, ಕೆಲವರಿಗೆ ಸಂಕೋಚವಾದೀತು. ಗುದದ್ವಾರದಲ್ಲಿ ಬೀಳುವ ಸೀಳಿನ ವಿಷಯವಿದು. ಡಾಕ್ಟರರು ಇದನ್ನು ಫಿಶರ್ ಎನ್ನುತ್ತಾರೆ. ನಾನು ವೈದ್ಯನಲ್ಲ, ಕಚೇರಿಯ ಗುಮಾಸ್ತ. ಆದರೆ ಈ ನೋವನ್ನು ನಾಲ್ಕು ತಿಂಗಳು ಮುಚ್ಚಿಟ್ಟುಕೊಂಡು ಅನುಭವಿಸಿದವನು. ಆ ಪಾಡು ನಿಮಗೆ ಬಾರದಿರಲೆಂದು ಈ ನಾಲ್ಕು ಮಾತು.

ನಮ್ಮ ದಿನಚರಿಯನ್ನೇ ನೋಡಿ. ಬೆಳಿಗ್ಗೆ ಚಾಳಿನ ಸಂಡಾಸಿನ ಮುಂದೆ ಸಾಲು. ಅತ್ತ ಲೋಕಲ್ ಗಾಡಿಯ ಹೊತ್ತು. ‘ಆಮೇಲೆ ನೋಡೋಣ’ ಎಂದು ತಡೆದುಕೊಂಡು ಓಡುತ್ತೇವೆ. ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರಿಗಂತೂ ಗಿರಾಕಿಗಳು ಕರಗುವವರೆಗೆ ಬಿಡುವಿಲ್ಲ. ನಮ್ಮ ಪಾರ್ಲೆ ಬಿಸ್ಕೀಟಿನ ಊರು. 1929ರಲ್ಲಿ ಆರಂಭವಾದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಆದರೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದು ಗಾಡಿ ಹತ್ತುವ ನಮ್ಮ ಅಭ್ಯಾಸ ಹೋಗಿಲ್ಲ. ಮಧ್ಯಾಹ್ನ ವಡಾಪಾವ್, ರಾತ್ರಿ ಬಿಳಿ ಅನ್ನ. ಇವುಗಳಲ್ಲಿ ನಾರು ಬಹಳ ಕಡಿಮೆ. ಮಲ ಗಟ್ಟಿಯಾಗುತ್ತದೆ, ಗಟ್ಟಿ ಮಲ ಒಳಚರ್ಮವನ್ನು ಸೀಳುತ್ತದೆ.

ಸೀಳು ಬಿದ್ದರೆ ಶೌಚದ ವೇಳೆ ಗಾಜು ಕೊರೆದಂಥ ನೋವು, ಅನಂತರವೂ ಗಂಟೆಗಟ್ಟಲೆ ಉರಿ, ಒಂದೆರಡು ಹನಿ ಕೆಂಪು ರಕ್ತ. ನೋವಿನಿಂದ ಅಲ್ಲಿಯ ಸ್ನಾಯು ಬಿಗಿಯುತ್ತದೆ. ರಕ್ತಸಂಚಾರ ತಗ್ಗಿ ಗಾಯ ಮಾಯುವುದಿಲ್ಲ. ನಾನು ಶೌಚಕ್ಕೆ ಹೆದರಿ ಊಟವನ್ನೇ ಕಡಿಮೆ ಮಾಡಿದೆ. ಮಲ ಇನ್ನಷ್ಟು ಗಟ್ಟಿಯಾಯಿತು. ರೈಲಿನ ಡಬ್ಬಿಯಲ್ಲಿ ಅಂಟಿಸಿದ್ದ ಚೀಟಿ ನೋಡಿ ಒಬ್ಬನಲ್ಲಿಗೆ ಹೋದೆ. ಅವನು ಪರೀಕ್ಷಿಸದೆಯೇ ಮೂಲವ್ಯಾಧಿಯೆಂದು ಹೇಳಿ ಹಣ ಪಡೆದ. ಅವನ ಮದ್ದಿನಿಂದ ಉರಿ ಇಮ್ಮಡಿಯಾಯಿತು. ಕೊನೆಗೆ ಮನೆಯವಳೇ ಕೇಳಿ ತಿಳಿದು ಡಾಕ್ಟರರಲ್ಲಿಗೆ ಕಳುಹಿಸಿದಳು. ಗಾಯ ಹಳೆಯದಾದ್ದರಿಂದ ಸ್ನಾಯು ಸಡಿಲಿಸುವ ಮುಲಾಮನ್ನೂ ಬರೆದುಕೊಟ್ಟರು. ಮೊದಲ ವಾರವೇ ಬಂದಿದ್ದರೆ ಊಟ ನೀರಿನಲ್ಲೇ ಮುಗಿಯಬಹುದಿತ್ತು ಎಂದರು. ಅವರು ಹೇಳಿಕೊಟ್ಟ ಕ್ರಮ ಇದು.

ಒಂದು, ನಾರು. ದಿನಕ್ಕೆ 25ರಿಂದ 30 ಗ್ರಾಂ ಬೇಕು. ಇದಕ್ಕೆ ನಮ್ಮ ಊರ ಊಟವೇ ಸಾಕು: ಜೋಳದ ರೊಟ್ಟಿ, ರಾಗಿ ಮುದ್ದೆ, ಹುರುಳಿ, ಹೆಸರುಕಾಳು, ಸೊಪ್ಪು, ಪೇರಲ, ಪಪ್ಪಾಯಿ. ಖಾನಾವಳಿಯಲ್ಲಿ ಉಣ್ಣುವವರು ಪಾವ್ ಬಿಟ್ಟು ಭಾಕ್ರಿ, ಕಾಳಿನ ಉಸಳ್ ಕೇಳಲಿ. ಸಾಲದಿದ್ದರೆ ಒಂದೆರಡು ಚಮಚ ಇಸಬಗೋಲನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು. ನಾರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ. ಉರಿಯಿರುವಾಗ ಖಾರ ಕಡಿಮೆಯಿರಲಿ.

ಎರಡು, ನೀರು. ದಿನಕ್ಕೆ 8ರಿಂದ 10 ಲೋಟ. ಹೃದಯ, ಮೂತ್ರಪಿಂಡದ ತೊಂದರೆಯಿದ್ದವರು ಡಾಕ್ಟರರನ್ನು ಕೇಳಿ ಕುಡಿಯಬೇಕು.

ಮೂರು, ಬೆಚ್ಚನೆಯ ನೀರು. ಅಗಲವಾದ ಟಬ್ಬಿನಲ್ಲಿ ಹಿತವಾದ ಬಿಸಿಯ ನೀರು ತುಂಬಿ 10–15 ನಿಮಿಷ ಕುಳಿತುಕೊಳ್ಳಿ. ದಿನಕ್ಕೆ ಎರಡು ಮೂರು ಸಲ, ಶೌಚದ ನಂತರ ತಪ್ಪದೆ. ಬಿಗಿದ ಸ್ನಾಯು ಸಡಿಲುತ್ತದೆ. ಸಾಬೂನು ಬೇಡ; ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು.

ನಾಲ್ಕು, ಶೌಚದ ಕರೆ ಬಂದಾಗ ತಡೆಯಬಾರದು, ತಿಣುಕಬಾರದು, ಮೊಬೈಲ್ ಹಿಡಿದು ಕೂಡಬಾರದು. ಅರ್ಧ ಗಂಟೆ ಮುಂಚೆ ಎದ್ದರೆ ಸಾಲಿನ ಅವಸರವೂ ತಪ್ಪುತ್ತದೆ.

ಹೊಸ ಸೀಳು ಬಹುಮಟ್ಟಿಗೆ ಆರು ವಾರದೊಳಗೆ ಮಾಯುತ್ತದೆ. ಮಾಯದಿದ್ದರೆ, ರಕ್ತ ಹೆಚ್ಚಾದರೆ, ಮಲ ಕಪ್ಪಾದರೆ, ಜ್ವರ, ಬಾವು, ಕೀವು ಕಂಡರೆ, ತೂಕ ಇಳಿದರೆ ಮನೆಮದ್ದು ಸಾಲದು. ನಲವತ್ತು ದಾಟಿದವರಂತೂ ರಕ್ತ ಕಂಡೊಡನೆ ತೋರಿಸಬೇಕು. ಎಲ್ಲ ರಕ್ತವೂ ಸೀಳಿನದಲ್ಲ. ಮುನಿಸಿಪಾಲಿಟಿಯ ಕೂಪರ್ ಆಸ್ಪತ್ರೆ ನಮಗೆ ಹತ್ತಿರದಲ್ಲೇ ಇದೆ.

ಹಲ್ಲುನೋವನ್ನು ಹತ್ತು ಜನರಿಗೆ ಹೇಳುತ್ತೇವೆ. ಇದೂ ಮೈಮೇಲಿನ ಒಂದು ಗಾಯವೇ ಅಲ್ಲವೇ? ನಿಮ್ಮ ಖೋಲಿಯ ಜೊತೆಗಾರ ಊಟ ಬಿಡುತ್ತಿದ್ದರೆ, ಕುಳಿತುಕೊಳ್ಳಲು ಒದ್ದಾಡುತ್ತಿದ್ದರೆ, ನಗಬೇಡಿ. ಪಕ್ಕಕ್ಕೆ ಕರೆದು ಮೆಲ್ಲನೆ ಕೇಳಿ. ನನ್ನನ್ನು ಯಾರಾದರೂ ಮೊದಲ ವಾರವೇ ಹಾಗೆ ಕೇಳಿದ್ದರೆ ನಾಲ್ಕು ತಿಂಗಳ ನೋವು ಉಳಿಯುತ್ತಿತ್ತು.