ಬ್ರೇಕಿನ ಕಟಕಟ ಸದ್ದು
(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಾರಿ ಕೂಲಿ, ಬೋನಸ್, ರೇಷನ್ ಇವುಗಳ ಮಾತು ಬಿಟ್ಟು ಒಂದು ಹಳೆಯ ಕಾರಿನ ಬ್ರೇಕಿನ ವಿಷಯ ಹೇಳಲು ನಿಂತಿದ್ದೇವೆ. ನಗಬೇಡಿರಿ. ನಮ್ಮಲ್ಲಿ ಸ್ವಂತ ಕಾರು ಉಳ್ಳವರು ಕಡಿಮೆ. ಆದರೆ ಹೆರಿಗೆ ನೋವು ಬಂದಾಗ, ಮಗುವಿಗೆ ಜ್ವರ ಏರಿದಾಗ, ಮದುವೆಗೆ, ಮಣ್ಣಿಗೆ ಹೋಗುವಾಗ ನಾವು ಹತ್ತುವುದು ಯಾರದೋ ಹಳೆಯ ಕಾರು, ಇಲ್ಲವೆ ಜೀಪು. ಅದನ್ನು ಓಡಿಸುವವನೂ ನಮ್ಮವನೇ. ಆ ಗಾಡಿ ಇಳಿಜಾರಿನಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದು ನಮ್ಮ ಮನೆಯ ಪ್ರಶ್ನೆ.

ನಮ್ಮ ತಪ್ಪನ್ನೇ ಮೊದಲು ಹೇಳುತ್ತೇವೆ. ಒಂದು ಶನಿವಾರ ನಾವು ಐದು ಮಂದಿ ಗಡಹಿಂಗ್ಲಜದಿಂದ ಇಚಲಕರಂಜಿಗೆ, ಪರಿಚಯದ ಮಗ್ಗದ ಕಾರ್ಮಿಕರ ಮನೆಗಳಿಗೆ ಹೊರಟಿದ್ದೆವು. ಗಾಡಿ ನಮ್ಮ ಗೆಳೆಯರೊಬ್ಬರ ಹಳೆಯ ಮಾರುತಿ 800. ಸಂಕೇಶ್ವರ, ನಿಪ್ಪಾಣಿ, ಕಾಗಲ ದಾಟಿ ಹುಪರಿಯ ದಾರಿ ಹಿಡಿದೆವು. ಕಬ್ಬಿನ ಹಂಗಾಮು. ಎದುರಿಗೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು. ರಸ್ತೆ ಕೆಟ್ಟ ಕಡೆಯಲ್ಲೆಲ್ಲ ಮುಂದಿನ ಎಡಗಾಲಿಯಿಂದ ಕಟಕಟ, ಕಟಕಟ ಎಂಬ ಸದ್ದು. ಹುಪರಿ ಬೆಳ್ಳಿಯ ಗೆಜ್ಜೆಗೆ ಹೆಸರಾದ ಊರಲ್ಲವೇ? “ನಮ್ಮ ಕಾರಿಗೂ ಗೆಜ್ಜೆ ಕಟ್ಟಿದ್ದಾರೆ” ಎಂದು ನಮ್ಮಲ್ಲೊಬ್ಬರು ಅಂದರು. ಎಲ್ಲರೂ ನಕ್ಕೆವು.

ಆ ಸದ್ದು ಅಂದು ಹುಟ್ಟಿದ್ದಲ್ಲ. ಮೂರು ವಾರದಿಂದ ಇತ್ತು. ಬ್ರೇಕ್ ಪೆಡಲ್ ಮೇಲೆ ಕಾಲು ಸ್ವಲ್ಪ ಇಟ್ಟರೆ ಸದ್ದು ನಿಂತುಬಿಡುತ್ತಿತ್ತು. ಔಷಧಿ ಸಿಕ್ಕಿತೆಂದು ನಾವು ಸಂತೋಷಪಟ್ಟಿದ್ದೆವು. ಕೆಟ್ಟ ರಸ್ತೆ ಬಂದಾಗಲೆಲ್ಲ ಪೆಡಲ್ ಮೇಲೆ ಕಾಲು ಇಟ್ಟೇ ಓಡಿಸುವುದು ರೂಢಿಯಾಗಿತ್ತು. ಮರುದಿನ ಅದೇ ಕಾರಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು, ಆಜರಾ ಮಾರ್ಗವಾಗಿ ಅಂಬೋಲಿ ಘಾಟು ಇಳಿದು ಸಾವಂತವಾಡಿಗೆ ಹೋಗುವುದು ನಿಶ್ಚಯವಾಗಿತ್ತು.

ಇಚಲಕರಂಜಿ ಮಗ್ಗದ ಊರು. ಅಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ಹಾಕಿದರು. ಈಗ ಓಣಿ ಓಣಿಯಲ್ಲಿ ಅದರ ಸಪ್ಪಳ. ನಾವು ಇಳಿದ ಮನೆಯ ತಾಯಿ ಇಪ್ಪತ್ತು ವರ್ಷ ಮಗ್ಗದ ಕೆಲಸ ಮಾಡಿದವರು. ಕಾರು ಗಲ್ಲಿಗೆ ಬರುವಾಗಲೇ ಸದ್ದು ಕೇಳಿ ಹೊರಗೆ ಬಂದಿದ್ದರು. ಚಹಾ ಕೊಡುವ ಮೊದಲೇ ಕೇಳಿದರು: “ಅಣ್ಣಾರ, ಮಗ್ಗದ ಸಪ್ಪಳ ಬದಲಾದ್ರ ನಾವು ಮೊದಲ ಮಗ್ಗ ನಿಂದರಸ್ತೀವಿ. ಆಮ್ಯಾಲ ಏನಾಗೇತಿ ನೋಡ್ತೀವಿ. ನೀವು ಇಷ್ಟು ದೂರ ಹಂಗ ಹೊಡಕೋತ ಬಂದ್ರ್ಯಾ?”

ನಮಗೆ ಉತ್ತರ ಹೊಳೆಯಲಿಲ್ಲ. ಅವರ ತಮ್ಮ ಕೊಲ್ಹಾಪುರದ ಉದ್ಯಮನಗರದಲ್ಲಿ ಮಿಸ್ತ್ರಿ. ಫೋನ್ ಮಾಡಿದಾಗ, “ಗಾಡಿ ತರಬ್ಯಾಡ್ರಿ, ನಾನ ಬರ್ತೀನಿ” ಎಂದರು. ಸಂಜೆ ಎಸ್.ಟಿ. ಬಸ್ಸಿನಲ್ಲಿ ಪಾನಾಗಳ ಚೀಲ ಹಿಡಿದು ಬಂದರು. ಪೆಡಲ್ ಮುಟ್ಟಿದರೆ ಸದ್ದು ನಿಲ್ಲುತ್ತದೆಂದು ನಾವು ಹೆಮ್ಮೆಯಿಂದ ಹೇಳಿದೆವು. ಅವರು ಹಣೆ ಬಡಿದುಕೊಂಡರು. “ಮಾಸ್ತರ, ಅದು ಔಷಧ ಅಲ್ರೀ. ರೋಗ ಎಲ್ಲೈತಿ ಅನ್ನೋ ಗುರುತು.”

ಅವರು ಅಂದು ಕಲಿಸಿದ್ದನ್ನು ನಿಮಗೂ ಹೇಳುತ್ತೇವೆ.

ಹಳೆಯ ಪದ್ಮಿನಿ, ಹಳೆಯ ಅಂಬಾಸಿಡರ್ ಕಾರುಗಳಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ನಾವು ಹೋದಂಥ ಮಾರುತಿ ಕಾರಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಡಿಸ್ಕಿನಲ್ಲಿ ಎರಡು ಪ್ಯಾಡುಗಳು ಕಬ್ಬಿಣದ ತಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ. ಡ್ರಮ್ಮಿನಲ್ಲಿ ಎರಡು ಶೂಗಳು ಒಳಗಿನಿಂದ ಹೊರಕ್ಕೆ ಅಗಲಿ ಡ್ರಮ್ಮನ್ನು ಒತ್ತುತ್ತವೆ. ಇವೆಲ್ಲ ಅಲ್ಲಾಡದಂತೆ ಚಿಕ್ಕ ಕ್ಲಿಪ್ಪು, ಸ್ಪ್ರಿಂಗು, ಪಿನ್ನುಗಳು ಹಿಡಿದಿರುತ್ತವೆ. ಕಟಕಟ ಸದ್ದು ಹೆಚ್ಚಾಗಿ ಈ ಚಿಕ್ಕ ಸಾಮಾನುಗಳು ಸಡಿಲಾದಾಗ, ಮುರಿದಾಗ, ಇಲ್ಲವೆ ಹಾಕದೆಯೇ ಬಿಟ್ಟಾಗ ಬರುತ್ತದೆ.

ಸದ್ದು ಯಾವಾಗ ಬರುತ್ತದೆ ಎಂಬುದನ್ನು ಮೊದಲು ಗಮನಿಸಿರಿ. ಗುಂಡಿಯಲ್ಲಿ ಬಂದು, ಪೆಡಲ್ ಮುಟ್ಟಿದೊಡನೆ ನಿಂತರೆ ಪ್ಯಾಡು ಅಥವಾ ಕ್ಯಾಲಿಪರ್ ಸಡಿಲಾಗಿರುವ ಸಂಭವ ಹೆಚ್ಚು. ಪೆಡಲ್ ಒತ್ತಿದಾಗಲೇ ಕಿರ್ರೆಂದು ಉಜ್ಜುವ ಸದ್ದು ಬಂದರೆ ಲೈನಿಂಗು ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿರಬಹುದು. ಪೆಡಲ್ ಕಾಲಿನ ಕೆಳಗೆ ಮಿಡಿದರೆ ಡ್ರಮ್ಮು ದುಂಡಗೆ ಉಳಿದಿಲ್ಲ, ಅಥವಾ ಡಿಸ್ಕು ಸೊಟ್ಟಗಾಗಿದೆ. ಬ್ರೇಕಿಗೆ ಸಂಬಂಧವಿಲ್ಲದೆ ಯಾವಾಗಲೂ ಸದ್ದಿದ್ದರೆ ಗಾಲಿಯ ನಟ್ಟು, ಬೇರಿಂಗು, ನೇತಾಡುವ ಹ್ಯಾಂಡ್ ಬ್ರೇಕ್ ಕೇಬಲ್ಲು, ಡಿಸ್ಕಿನ ಹಿಂದಿನ ತಗಡಿನಲ್ಲಿ ಸಿಕ್ಕ ಕಲ್ಲು, ಇವನ್ನೂ ನೋಡಿರಿ.

ಗಾಡಿ ಎತ್ತುವುದಕ್ಕೆ ಮುಂಚೆ ಸಮ ನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿರಿ. ಹಿಂದಿನ ಡ್ರಮ್ಮು ಬಿಚ್ಚುವಾಗ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ. ಆದಕಾರಣ ಮುಂದಿನ ಗಾಲಿಗಳಿಗೆ ಕಲ್ಲು ಕೊಡುವುದನ್ನು ಮರೆಯಲೇಬಾರದು. ಬರೀ ಜ್ಯಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ತಲೆ ಹಾಕಬಾರದು. ಸ್ಟ್ಯಾಂಡ್ ಕೊಡಿರಿ. ಬಿಚ್ಚಿದ ಗಾಲಿಯನ್ನೂ ಕೆಳಗೆ ಮಲಗಿಸಿರಿ.

ಮಿಸ್ತ್ರಿಯವರು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಬೇರಿಂಗು ಸರಿಯಾಗಿತ್ತು. ಗಾಲಿ ಬಿಚ್ಚಿ ಪ್ಯಾಡನ್ನು ಬೆರಳಿನಿಂದ ಅಲ್ಲಾಡಿಸಿದರು. ಕಟಕಟ! ಅದೇ ಸದ್ದು. ಪ್ಯಾಡನ್ನು ಬಿಗಿ ಹಿಡಿಯುವ ತಗಡಿನ ಕ್ಲಿಪ್ಪೇ ಅಲ್ಲಿರಲಿಲ್ಲ. ಹಿಂದೆ ಪ್ಯಾಡು ಬದಲಾಯಿಸಿದ ಗ್ಯಾರೇಜಿನಲ್ಲಿ ಅದನ್ನು ತಿರುಗಿ ಹಾಕಿರಲಿಲ್ಲ. ಕ್ಯಾಲಿಪರ್ ಪಿನ್ನುಗಳು ಒಣಗಿದ್ದವು. ಹೊಸ ಕ್ಲಿಪ್ಪು ಹಾಕಿ, ಪಿನ್ನು ಒರೆಸಿ, ಬಿಸಿ ತಡೆಯುವ ಬ್ರೇಕ್ ಗ್ರೀಸು ತೆಳುವಾಗಿ ಸವರಿದರು. ಸಾಧಾರಣ ಗ್ರೀಸು ಬಿಸಿಗೆ ಕರಗಿ ಹರಿಯುತ್ತದೆ. ಪ್ಯಾಡಿನ ಉಜ್ಜುವ ಮೈಗೆ ಯಾವ ಗ್ರೀಸೂ ತಾಗಕೂಡದು.

ಕೆಲಸ ಮುಗಿಯಿತೆಂದು ನಾವು ಎದ್ದೆವು. ಅವರು ಏಳಲಿಲ್ಲ. “ಬಂದೀನಿ, ನಾಲ್ಕೂ ನೋಡೇ ಹೋಗ್ತೀನಿ” ಎಂದರು. ಹಿಂದಿನ ಬಲಗಾಲಿಯ ಡ್ರಮ್ಮು ತೆಗೆದು ಪಾನಾದಿಂದ ಮೆಲ್ಲನೆ ತಟ್ಟಿದರು. ಗಂಟೆಯಂತೆ ನಾದ ಬಂತು. ಬೀಡು ಕಬ್ಬಿಣ ಬಿರುಕು ಬಿಟ್ಟಿದ್ದರೆ ನಾದ ಬರದೆ ಮಂಕಾಗಿ ಕೇಳಿಸುತ್ತದಂತೆ. ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾಂವದ ಫೌಂಡ್ರಿಗಳಲ್ಲಿ ಗಾಡಿಗಳ ಬಿಡಿಭಾಗ ಎರಕ ಹೊಯ್ಯುವ ಸಾವಿರಾರು ಕಾರ್ಮಿಕರಿದ್ದಾರೆ. ಆ ಊರಿನವರಿಗೆ ಈ ಕಿವಿ ಸಹಜ.

ಡ್ರಮ್ಮು ಚೆನ್ನಾಗಿತ್ತು. ಆದರೆ ಒಳಗೆ ವೀಲ್ ಸಿಲಿಂಡರಿನ ರಬ್ಬರು ಹೋಗಿ ಬ್ರೇಕ್ ಆಯಿಲ್ ಸೋರುತ್ತಿತ್ತು. ಶೂ ನೆನೆದು ಕಪ್ಪಾಗಿತ್ತು. ಆ ಗಾಲಿಯ ಬ್ರೇಕು ಹಿಡಿಯುವಂತಿರಲಿಲ್ಲ. ಸೋರಿಕೆ ಹೆಚ್ಚಿದ್ದರೆ ಘಾಟಿನಲ್ಲಿ ಪೆಡಲ್ ನೆಲಕ್ಕೆ ಹೋಗುತ್ತಿತ್ತು. ಇದರಿಂದ ಒಂದು ಸದ್ದೂ ಬಂದಿರಲಿಲ್ಲ. ಸದ್ದು ಮಾಡಿದ್ದು ಮುಂದಿನ ಚಿಕ್ಕ ಕ್ಲಿಪ್ಪು. ಆ ಸದ್ದಿಗಾಗಿ ಗಾಲಿ ಬಿಚ್ಚಿದ್ದರಿಂದ ಈ ಸದ್ದಿಲ್ಲದ ರೋಗ ಸಿಕ್ಕಿತು. ನಾವೆಲ್ಲರೂ ಮಕ್ಕಳನ್ನು ನೆನೆದು ಸುಮ್ಮನೆ ನಿಂತೆವು.

ನಮ್ಮ ಔಷಧಿಯೂ ಕೇಡನ್ನೇ ಮಾಡಿತ್ತು. ಪೆಡಲ್ ಮೇಲೆ ಕಾಲಿಟ್ಟೇ ಓಡಿಸಿದರೆ ಪ್ಯಾಡು ಕಾಯುತ್ತದೆ, ಬೇಗ ಸವೆಯುತ್ತದೆ. ಹೆಚ್ಚು ಕಾದ ಬ್ರೇಕು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ. ಅದು ಬಿಸಿಗೆ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗುತ್ತದೆ. ಹಿಂದಿನ ಕೆಂಪು ದೀಪ ಸದಾ ಉರಿಯುವುದರಿಂದ ಹಿಂದೆ ಬರುವವನಿಗೆ ನಾವು ನಿಲ್ಲಿಸುವುದು ಯಾವಾಗ ಎಂದು ತಿಳಿಯುವುದಿಲ್ಲ. ಘಾಟು ಇಳಿಯುವಾಗ ಏರುವ ಗೇರಿನಲ್ಲಿಯೇ ಇಳಿಸಿರಿ, ಎಂಜಿನ್ನೇ ಗಾಡಿಯನ್ನು ತಡೆಯಲಿ.

ಇನ್ನೊಂದು ಮಾತು ತಾಯಂದಿರಿಗೂ ಸೇರಿದ್ದು. ಬ್ರೇಕ್ ಬಿಚ್ಚಿದಾಗ ಬರುವ ಧೂಳನ್ನು ಬಾಯಿಂದ ಊದಬೇಡಿರಿ, ಗಾಳಿ ಪಂಪು ಹಿಡಿಯಬೇಡಿರಿ, ಪೊರಕೆಯಿಂದ ಗುಡಿಸಬೇಡಿರಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಆ ಧೂಳು ಪುಪ್ಪುಸಕ್ಕೆ ಹೋದರೆ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರಾಗಿ ಕಾಣಿಸಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಕೆಲಸದ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿರಿ.

ಸಿಲಿಂಡರು ಬದಲಾಯಿಸುವುದು, ಬ್ರೇಕಿನ ಗಾಳಿ ತೆಗೆಯುವುದು ತಿಳಿದವರ ಕೆಲಸ. ಶೂ ಆಗಲಿ, ಪ್ಯಾಡಾಗಲಿ, ಒಂದೇ ಗಾಲಿಗೆ ಹಾಕದೆ ಎಡಬಲ ಎರಡಕ್ಕೂ ಹಾಕಿಸಿರಿ. ಇಲ್ಲವಾದರೆ ಬ್ರೇಕು ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಕೆಲಸ ಮುಗಿದ ಮೇಲೆ ಪೆಡಲ್ ಗಟ್ಟಿಯಾಗುವ ತನಕ ಹಲವು ಸಾರಿ ಒತ್ತಿ, ಆಯಿಲ್ ಮಟ್ಟ ನೋಡಿ, ಸಮ ನೆಲದಲ್ಲಿ ಮೆಲ್ಲಗೆ ಓಡಿಸಿ ನಿಲ್ಲಿಸಿ ನೋಡಿರಿ. ಆ ಮೇಲೆಯೇ ಜನರನ್ನು ಹತ್ತಿಸಿರಿ.

ಕೊನೆಯದಾಗಿ ನಮ್ಮ ಡ್ರೈವರ್ ಸಹೋದರರಿಗೆ. 1988ರ ಮೋಟಾರು ವಾಹನ ಕಾಯಿದೆಯ 190ನೇ ಕಲಮು ಅಪಾಯಕರ ದೋಷವುಳ್ಳ ಗಾಡಿ ಓಡಿಸುವವನನ್ನು ಮಾತ್ರ ತಪ್ಪಿತಸ್ಥನೆನ್ನುವುದಿಲ್ಲ. ತಿಳಿದೂ ಓಡಿಸಲು ಬಿಡುವವನನ್ನೂ, ಓಡಿಸಲು ಹಚ್ಚುವವನನ್ನೂ ಹಿಡಿಯುತ್ತದೆ. ಸಾಧಾರಣ ಎಚ್ಚರಿಕೆಯಿಂದ ಕಂಡುಹಿಡಿಯಬಹುದಾಗಿದ್ದ ದೋಷ ಗೊತ್ತಿರಲಿಲ್ಲವೆಂದರೂ ಬಿಡುವುದಿಲ್ಲ. ಆದ್ದರಿಂದ ಬ್ರೇಕಿನಲ್ಲಿ ಸದ್ದು ಬಂದ ದಿನವೇ ತಾರೀಕು ಹಾಕಿ ಪುಸ್ತಕದಲ್ಲಿ ಬರೆಯಿರಿ, ಮಾಲೀಕರಿಗಾಗಲಿ ರೈಟರಿಗಾಗಲಿ ತೋರಿಸಿ ಸಹಿ ತೆಗೆದುಕೊಳ್ಳಿರಿ. “ಸರಿಮಾಡಿಸುವವರೆಗೆ ಜನರನ್ನು ಹತ್ತಿಸುವುದಿಲ್ಲ” ಎಂದು ಅವನು ಹೇಳಿದರೆ ಉಳಿದವರು ಅವನನ್ನು ಹೆದರುಪುಕ್ಕಲ ಎನ್ನಬಾರದು. ಅವನ ಹಿಂದೆ ನಿಲ್ಲತಕ್ಕದ್ದು ನಮ್ಮೆಲ್ಲರ ಕೆಲಸ.

ನಾವು ಮರುದಿನ ಅಂಬೋಲಿಗೆ ಹೋಗಲಿಲ್ಲ. ಮಕ್ಕಳು ಅತ್ತರು. ಸೋಮವಾರ ಹೊಸ ಸಿಲಿಂಡರು, ಹೊಸ ಶೂ ಹಾಕಿಸಿಕೊಂಡು ಬಂದ ದಾರಿಯಲ್ಲಿಯೇ ಊರಿಗೆ ತಿರುಗಿದೆವು. ಹುಪರಿಯ ರಸ್ತೆ ಹಾಗೆಯೇ ಕೆಟ್ಟಿತ್ತು. ಗಾಲಿಯಿಂದ ಸದ್ದು ಮಾತ್ರ ಬರಲಿಲ್ಲ. ಆದರೂ ನಾವು ದಾರಿಯುದ್ದಕ್ಕೂ ಕಿವಿಗೊಟ್ಟೇ ಕುಳಿತಿದ್ದೆವು.