ಅಮಾನತಾದ ಲೈಸೆನ್ಸು

ಕುಡಿದು ವಾಹನ ನಡೆಸುವವನ ಪರವಾಗಿ ಮಾತನಾಡಲು ಯಾರೂ ಮುಂದೆ ಬರುವುದಿಲ್ಲ. ಬರಬೇಕೆಂದು ನಾನೂ ಹೇಳುವುದಿಲ್ಲ. ಬೀದಿಯಲ್ಲಿ ನಡೆಯುವ ಮಕ್ಕಳೂ ಮುದುಕರೂ ಇನ್ನೊಬ್ಬನ ಅಮಲಿಗೆ ಬಲಿಯಾಗಬಾರದು. ಆದರೆ ಸಿಕ್ಕಿಬಿದ್ದವರೆಲ್ಲ ತಪ್ಪಿತಸ್ಥರೇ ಎಂದು ವಿಚಾರಣೆಗೆ ಮೊದಲೇ ನಿಶ್ಚಯಿಸುವುದೂ ಧರ್ಮವಲ್ಲ. ಲಾರಿ ನಡೆಸಿ ಸಂಸಾರ ಸಾಗಿಸುವವನಿಗೆ ಲೈಸೆನ್ಸು ಹೋಯಿತೆಂದರೆ ಮನೆಯ ಒಲೆಯೇ ಆರಿದಂತೆ. ಆದುದರಿಂದ ಈ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆಂಬುದನ್ನು ತಿಳಿದಿರುವುದು ಒಳಿತು.

1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಪ್ರಕರಣದಂತೆ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವುದು ಪರೀಕ್ಷೆಯಿಂದ ಕಂಡುಬಂದರೆ ಅಪರಾಧ. ದಸ್ತಗಿರಿಯಾದವನನ್ನು ಎರಡು ಗಂಟೆಗಳೊಳಗೆ ವೈದ್ಯಪರೀಕ್ಷೆಗೆ ಒಳಪಡಿಸಬೇಕು. ಇಲ್ಲವಾದರೆ ಬಂಧನದಿಂದ ಬಿಡಬೇಕು. 2019ರ ತಿದ್ದುಪಡಿಯಾದ ಮೇಲೆ ಪೊಲೀಸರು ಲೈಸೆನ್ಸನ್ನು ವಶಪಡಿಸಿಕೊಂಡು, ಲೈಸೆನ್ಸು ಕೊಡುವ ಅಧಿಕಾರಿಗೆ ಕಳುಹಿಸಬಹುದು. ಅದಕ್ಕೆ ತಾತ್ಕಾಲಿಕ ರಸೀದಿಯನ್ನು ಕೊಡಬೇಕು. ಆದರೆ ಆ ರಸೀದಿ ಕೈಯಲ್ಲಿದೆಯೆಂದು ಗಾಡಿ ನಡೆಸುವಂತಿಲ್ಲ.

ಮುಂದಿನದೇ ಮುಖ್ಯ. ಆ ಅಧಿಕಾರಿ ಲೈಸೆನ್ಸುದಾರನ ಅಹವಾಲನ್ನು ಕೇಳಲೇಬೇಕು. ಕೇಳಿದ ಮೇಲೆ ಅವನನ್ನು ಬಿಡಬಹುದು. ಇಲ್ಲವೆ ಕಾರಣಗಳನ್ನು ವಿವರವಾಗಿ ಬರೆದು, ಮೊದಲ ಅಪರಾಧಕ್ಕೆ ಮೂರು ತಿಂಗಳು ಅನರ್ಹನೆನ್ನಬಹುದು. ತಪ್ಪು ಮರುಕಳಿಸಿದರೆ ಲೈಸೆನ್ಸನ್ನೇ ರದ್ದುಪಡಿಸಬಹುದು. ಆಜ್ಞೆ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿಗೂ ಅವಕಾಶವುಂಟು.

ಕರೆ ಬಂದ ದಿನ ಹಾಜರಾಗದೆ, ಆಮೇಲೆ ಅನ್ಯಾಯವಾಯಿತೆಂದು ಅಂಗಲಾಚಿ ಫಲವಿಲ್ಲ. ಕಣ್ಣೀರಿಗಿಂತ ಕಾಗದವೇ ಅಲ್ಲಿ ಹೆಚ್ಚು ಮಾತನಾಡುತ್ತದೆ. ಉಸಿರಿನ ಪರೀಕ್ಷೆಯ ಚೀಟಿಯಲ್ಲಿ ಹೆಸರು, ಹೊತ್ತು, ಅಂಕಿ ಸರಿಯಾಗಿವೆಯೆ? ವೈದ್ಯರ ಪತ್ರ ಏನು ಹೇಳುತ್ತದೆ? ಗಾಡಿ ನಡೆಸುತ್ತಿದ್ದವನು ಇವನೇಯೆ? ಇವನ್ನು ಬರಹದಲ್ಲಿಯೇ ಕೇಳಬೇಕು. ನ್ಯಾಯಾಲಯದ ಮೊಕದ್ದಮೆ ಬೇರೆಯೇ ನಡೆಯುತ್ತದೆಂಬುದನ್ನೂ ಮರೆಯಬಾರದು. ಅಲ್ಲಿ ಅಪರಾಧ ಸಿದ್ಧವಾದರೆ ಆರು ತಿಂಗಳಿಗೆ ಕಡಮೆಯಿಲ್ಲದ ಅನರ್ಹತೆ ಕಟ್ಟಿಟ್ಟದ್ದು.

'ಅಮಾನತು' ಎಂಬ ಮಾತು ಅರಬ್ಬಿಯಿಂದ ಬಂದದ್ದು. ನಂಬಿಕೆಯಿಂದ ಒಪ್ಪಿಸಿಟ್ಟ ವಸ್ತುವೆಂದು ಅದರ ಮೂಲಾರ್ಥ. ಲೈಸೆನ್ಸೂ ಅಂಥದೇ. ಬೀದಿಯ ಜನ ತಮ್ಮ ಪ್ರಾಣವನ್ನು ನಂಬಿ ಚಾಲಕನ ಕೈಗೆ ಒಪ್ಪಿಸಿದ್ದಾರೆ. ಆ ನಂಬಿಕೆಯನ್ನು ಕೆಡಿಸದವನು ಧೈರ್ಯವಾಗಿ ಹೋಗಿ ತನ್ನ ಹಕ್ಕನ್ನು ಕೇಳಲಿ. ಕೆಡಿಸಿದವನು ಆ ಮೂರು ತಿಂಗಳನ್ನು ನಡೆದೇ ಕಳೆಯಲಿ.